‘ಸೀಸನ್’ ಅಂದ್ರೆ ನಮ್ಮ ಕಡೆ ಕಬ್ಬು: ನಾಲ್ಕು ಟೈರಿನ ಲೆಕ್ಕ

ಭಾಗ 1/9

ಈ ಫೋಟೋದಾಗ ರಸ್ತೆ ಮೇಲೆ ಕಾಣೋ ಬಾಗಿದ ಗೆರೆ ನಮ್ಮ ಗಾಡಿ ಜಾರಿದ ಗುರುತು.

ನವೆಂಬರ್, ಬೆಳಗ್ಗೆ ಏಳೂವರೆ. ಬನಹಟ್ಟಿಯಿಂದ ಮಹಾಲಿಂಗಪುರ ದಾಟಿ ಮುಧೋಳದ ಕಡೆ ಹೊರಟಿದ್ವಿ. ಸ್ಟೇರಿಂಗ್ ನನ್ನ ಕೈಯಾಗ, ಪಕ್ಕಕ್ಕೆ ಒಬ್ಬ ಕ್ಲಾಸ್‌ಮೇಟ್, ಹಿಂದಿನ ಸೀಟಿನಲ್ಲಿ ಇಬ್ಬರು. ಜಮಖಂಡಿಯಲ್ಲಿ ಒಟ್ಟಿಗೆ ಡಿಗ್ರಿ ಮುಗಿಸಿದವರು ನಾವು, ಈಗ ನಾಲ್ವರಿಗೂ ಕೆಲಸ ಮುಧೋಳದಲ್ಲಿ. ಗಾಡಿ ನಮ್ಮಪ್ಪಂದು, 2014ರ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಪೆಟ್ರೋಲ್ ಖರ್ಚು ನಾಲ್ಕು ಪಾಲು.

ರಾತ್ರಿ ಯಾವುದೋ ಹೊಲದಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ರಸ್ತೆಗೆ ಹತ್ತಿತ್ತು. ಗಾಲಿಗೆ ಅಂಟಿದ ಎರಿ ಮಣ್ಣು ಟಾರಿನ ಮೇಲೆ ಉದ್ದಕ್ಕೆ ಮೆತ್ತಿಕೊಂಡಿತ್ತು. ಅದರ ಮೇಲೆ ರವದಿ. ಮೇಲಿಂದ ಇಬ್ಬನಿ ಬಿದ್ದು ಎಲ್ಲಾ ಹಸಿ. ಅಲ್ಲೇ ಒಂದು ತಿರುವು, ತಿರುವಿನಾಚೆ ಒಂದು ಎಮ್ಮೆ. ಬ್ರೇಕ್ ಒತ್ತಿದೆ. ಸ್ಪೀಡ್ ನಲವತ್ತೈದೂ ಇರಲಿಲ್ಲ.

ಗಾಡಿಯ ಮುಂಭಾಗ ನನ್ನ ಮಾತು ಕೇಳಿತು, ಹಿಂಭಾಗ ಕೇಳಲಿಲ್ಲ. ಹಿಂದಿನಿಂದ ಯಾರೋ ತಳ್ಳಿದಂಗ ಅಡ್ಡ ತಿರುಗಿ, ರಸ್ತೆ ಬಿಟ್ಟು, ಜಾಲಿ ಕಂಟಿಗೆ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎಮ್ಮೆ ನಮ್ಮನ್ನೊಮ್ಮೆ ನೋಡಿ ತನ್ನ ಪಾಡಿಗೆ ಹೋಯಿತು. ನಾವು ನಾಲ್ವರೂ ಮುಧೋಳ ಮುಟ್ಟೋ ತನಕ ಮಾತಾಡಲಿಲ್ಲ.

ಸಂಜೆ ಹಿಂದಿನ ಸೀಟಿನ ಗೆಳತಿಯ ಮೆಸೇಜ್ ಬಂತು: “ಅವ್ವ ಬ್ಯಾಡ ಅಂದ್ಲು. ನಾಳಿಂದ ಬಸ್ಸಿಗೆ ಬರ್ತೀನಿ. ಬ್ಯಾಸರ ಮಾಡ್ಕೋಬ್ಯಾಡಲೇ.”

ಬ್ಯಾಸರ ಆಗಲಿಲ್ಲ ಅಂದ್ರೆ ಸುಳ್ಳು. ಆದ್ರೆ ರಾತ್ರಿ ಮಲಗಿದಾಗ ಒಂದು ಮಾತು ಕಾಡೋಕೆ ಶುರುವಾಯಿತು. ಅವರವ್ವ ಕೇಳಬಹುದಾದ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ: “ನಿನ್ನ ಗಾಡಿ ಟಾಯರ್ ಹೆಂಗ ಅದಾವ?”

ಗೊತ್ತಿರಲಿಲ್ಲ. ಐದು ತಿಂಗಳಿಂದ ಮೂರು ಜನರನ್ನ ಕೂಡಿಸಿಕೊಂಡು ಓಡಿಸ್ತಿದ್ದೆ, ಟೈರ್ ಒಮ್ಮೆನೂ ಬಗ್ಗಿ ನೋಡಿರಲಿಲ್ಲ.

ಅದಕ್ಕೇ ಈ ಸರಣಿ. ಕಡಿಮೆ ರೊಕ್ಕದಾಗ, ವರ್ಷಪೂರ್ತಿ ನಡೆಯೋ ಟೈರ್ ಹುಡುಕಿದ ಕತೆ.

ಭಾಗ 2/9

ಫೋಟೋ: ಟೈರಿನ ಪಕ್ಕೆ. ಸೀಮೆಸುಣ್ಣ ಉಜ್ಜಿದ್ದೀನಿ, ಅಕ್ಷರ ಕಾಣಲಿ ಅಂತ.

ಮರುದಿನ ಮನೆ ಮುಂದೆ ನೆಲದ ಮೇಲೆ ಕೂತು ಮೊದಲ ಸಲ ಟೈರ್ ಓದಿದೆ. ಹೌದು, ಓದಿದೆ. ಅದರ ಜಾತಕ ಅದರ ಮೈಮೇಲೇ ಬರೆದಿರ್ತಾರ.

165/80 ಆರ್14 85ಟಿ. ಇದು ನಮ್ಮ ಗಾಡಿಯ ಸೈಜು. 165 ಅಂದ್ರೆ ಅಗಲ, ಮಿಲಿಮೀಟರಿನಲ್ಲಿ. 80 ಅಂದ್ರೆ ಪಕ್ಕೆಯ ಎತ್ತರ ಅಗಲದ ಶೇ. 80ರಷ್ಟು, ಅಂದ್ರೆ 132 ಮಿ.ಮೀ. ಆರ್ ಅಂದ್ರೆ ರೇಡಿಯಲ್. 14 ಅಂದ್ರೆ ಡಿಸ್ಕಿನ ಇಂಚು. 85 ಅಂದ್ರೆ ಒಂದು ಟೈರ್ 515 ಕೆಜಿ ತನಕ ಹೊರಬಲ್ಲದು. ಟಿ ಅಂದ್ರೆ ಗಂಟೆಗೆ 190 ಕಿ.ಮೀ. ತನಕ ತಾಳುತ್ತೆ. ನಮ್ಮ ರಸ್ತೆಗೆ 190 ಯಾರಿಗೂ ಬೇಡ, ಆದ್ರೆ ಹೊಸದು ತಗೊಳ್ಳುವಾಗ ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮೆ ಭಾರದ, ಕಡಿಮೆ ಅಕ್ಷರದ ಟೈರ್ ಹಾಕಿಸಬಾರದು.

ಇನ್ನೊಂದು ಕಡೆ ‘ಡಿಒಟಿ’ ಅಂತ ಶುರುವಾಗೋ ಉದ್ದ ಸಾಲು ಇತ್ತು. ಅದರ ಕೊನೆಯ ನಾಲ್ಕು ಅಂಕಿ ಅದರ ಹುಟ್ಟಿದ ದಿನ. ಮೊದಲ ಎರಡು ವಾರ, ನಂತರದ ಎರಡು ವರ್ಷ.

ಮುಂದಿನ ಎರಡೂ ಟೈರ್: 3421. 2021ರ 34ನೇ ವಾರ. ಅಪ್ಪ ಗಾಡಿ ತಗೊಂಡಾಗ ಹಾಕಿಸಿದ್ದು. ಗ್ರಿಪ್ ಸವೆದಿತ್ತು, ಅಳತೆಪಟ್ಟಿ ಇಟ್ಟು ನೋಡಿದ್ರೆ ಮೂರು ಮಿ.ಮೀ. ಹೊಸ ಟೈರಿಗೆ ಏಳೆಂಟು ಮಿ.ಮೀ. ಇರುತ್ತೆ. ಗ್ರಿಪ್ಪಿನ ಗಾಡಿ ನಡುವೆ ಅಲ್ಲಲ್ಲಿ ಸಣ್ಣ ಉಬ್ಬು ಕಾಣುತ್ತೆ, ರಬ್ಬರ್ ಸವೆದು ಅದರ ಸಮಕ್ಕೆ ಬಂದ್ರೆ 1.6 ಮಿ.ಮೀ. ಉಳಿದಿದೆ ಅಂತ ಅರ್ಥ. ಕಾರಿಗೆ ಕಾನೂನಿನ ಕೊನೆ ಗೆರೆ ಅದೇ.

ಹಿಂದಿನ ಎರಡು: 0917. 2017ರ 9ನೇ ವಾರ. ಅವು ಹುಟ್ಟಿದಾಗ ನಾವಿನ್ನೂ ಹೈಸ್ಕೂಲಿನಲ್ಲಿ ಇದ್ವಿ.

ಮೋಸ ಇರೋದು ಇಲ್ಲೇ. ಹಿಂದಿನ ಟೈರಿಗೆ ಗ್ರಿಪ್ ಚೆನ್ನಾಗಿತ್ತು. ದೂರದಿಂದ ನೋಡಿದವರು ಇವೇ ಛಲೋ ಅಂತಿದ್ರು. ಬೆರಳಿನಿಂದ ಒತ್ತಿದ್ರೆ ಒಣಗಿದ ಚಪ್ಪಲಿ ಅಟ್ಟೆ ಹಂಗ ಗಟ್ಟಿ. ಪಕ್ಕೆ ತುಂಬ ಕೂದಲೆಳೆಯಷ್ಟು ಬಿರುಕು. ಬಿಸಿಲು, ಗಾಳಿ ತಾಗಿ ರಬ್ಬರ್ ವರ್ಷ ವರ್ಷಕ್ಕೆ ಮೆದುತನ ಕಳಕೊಳ್ಳುತ್ತೆ. ಗಟ್ಟಿಯಾದ ರಬ್ಬರ್ ಹಸಿ ರಸ್ತೆಯನ್ನ ಹಿಡಿಯಲ್ಲ, ಅದರ ಮೇಲೆ ಜಾರುತ್ತೆ.

ಅವತ್ತು ಹಿಂಭಾಗ ಯಾಕೆ ನನ್ನ ಮಾತು ಕೇಳಲಿಲ್ಲ ಅಂತ ಗೊತ್ತಾಯಿತು.

ನೀವೂ ಈಗಲೇ ಹೊರಗೆ ಹೋಗಿ ನಿಮ್ಮ ಮನೆ ಗಾಡಿಯ ನಾಲ್ಕು ಅಂಕಿ ನೋಡ್ರಿ. ಕಮೆಂಟಿನಾಗ ಹಾಕ್ರಿ.

ಭಾಗ 3/9

ಫೋಟೋ: ಎರಡು ಟ್ರೇಲರ್ ಕಬ್ಬು, ಹಿಂದೆ ನಾವು.

ಇಂಟರ್ನೆಟ್‌ನಲ್ಲಿ ‘ಆಲ್ ಸೀಸನ್ ಟೈರ್’ ಅಂತ ಹುಡುಕಿದೆ. ಬಂದಿದ್ದೆಲ್ಲ ಹಿಮದ ಫೋಟೋ.

ತಂಪು ದೇಶದಲ್ಲಿ ಬೇಸಿಗೆಗೆ ಒಂದು ಜೊತೆ, ಹಿಮಕ್ಕೆ ಒಂದು ಜೊತೆ ಟೈರ್ ಇಟ್ಟುಕೊಂಡು ಬದಲಾಯಿಸ್ತಾರೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಬಿಗಿಯಾಗಿಬಿಡುತ್ತೆ. ಎರಡಕ್ಕೂ ನಡುವಿನ ರಾಜಿ ಅಂತ ಮಾಡಿದ್ದು ಆಲ್ ಸೀಸನ್. ಅದರ ಮೇಲೆ ‘ಎಂ ಪ್ಲಸ್ ಎಸ್’, ಅಂದ್ರೆ ಕೆಸರು ಮತ್ತು ಹಿಮ, ಅನ್ನೋ ಗುರುತು ಇರುತ್ತೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರೋ ಚಿತ್ರ ಇದ್ರೆ ಹಿಮದಲ್ಲಿ ಪರೀಕ್ಷೆ ಪಾಸಾಗಿದೆ ಅಂತ. ಮನಾಲಿ, ಲಡಾಖ್ ಕಡೆಯವರಿಗೆ ಅದು ಬೇಕು. ಬನಹಟ್ಟಿಯವರಿಗೆ ಅದಕ್ಕೆ ರೊಕ್ಕ ಕೊಡೋದು ಅಂದ್ರೆ ಏಪ್ರಿಲ್‌ನಾಗ ಸ್ವೆಟರ್ ಖರೀದಿ ಮಾಡಿದಂಗ.

ಹಂಗಾದ್ರೆ ನಮ್ಮ ಸೀಸನ್ ಯಾವುವು? ಹೊರಗಿನವರಿಗೆ ಗೊತ್ತಿಲ್ಲದ ಮಾತು ಒಂದಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕಿನಲ್ಲಿ “ಸೀಸನ್ ಚಾಲೂ ಆತು” ಅಂದ್ರೆ ಚಳಿಯೂ ಅಲ್ಲ, ಮಳಿಯೂ ಅಲ್ಲ. ಸಕ್ಕರೆ ಫ್ಯಾಕ್ಟರಿ ಚಾಲೂ ಆತು ಅಂತ.

ನನ್ನ ಲೆಕ್ಕದಾಗ ನಮಗೆ ಮೂರು ಸೀಸನ್.

ಒಂದು, ಬ್ಯಾಸಗಿ. 40 ಡಿಗ್ರಿ ದಾಟಿದ ಬಿಸಿಲು, ಅದಕ್ಕಿಂತ ಸುಡೋ ಟಾರು. ಬೀಳಗಿ ಕ್ರಾಸಿನಿಂದ ಕೊಲ್ಹಾರ ಸೇತುವೆ ಕಡೆ ರಾಷ್ಟ್ರೀಯ ಹೆದ್ದಾರಿ 52 ಹಿಡಿದು ಹೋದ್ರೆ ರಸ್ತೆ ಬದಿ ಲಾರಿ ಟೈರಿನ ಕಿತ್ತ ಪಟ್ಟಿಗಳು ಹಾವಿನಂಗ ಬಿದ್ದಿರ್ತಾವ.

ಎರಡು, ಮಳಿ. ನಮ್ಮ ಕಡೆ ಮಳಿ ಕಡಿಮೆ, ಅದೇ ತೊಂದರೆ. ತಿಂಗಳುಗಟ್ಟಲೆ ಎಣ್ಣೆ, ಧೂಳು ಕೂತ ರಸ್ತೆ ಮೇಲೆ ಮೊದಲ ಹನಿ ಬಿದ್ದಾಗ ಅದು ಸಾಬೂನು.

ಮೂರು, ಕಬ್ಬು. ಸಮೀರವಾಡಿ, ಹಿರೇಪಡಸಲಗಿ, ಬಾಡಗಂಡಿ, ಯಾವ ದಿಕ್ಕಿಗೆ ಹೊರಟರೂ ಟ್ರ್ಯಾಕ್ಟರ್ ಸಾಲು. ರಸ್ತೆ ಮೇಲೆ ಎರಿ ಮಣ್ಣು, ರವದಿ, ಬಿದ್ದ ಕಬ್ಬಿನ ಜಲ್ಲೆ. ಬೆಳಗ್ಗೆ ಇಬ್ಬನಿ.

ಈ ಮೂರನ್ನೂ ತಾಳೋದೇ ನಮ್ಮ ಆಲ್ ಸೀಸನ್. ಹಿಮದ ಚಿತ್ರ ಬೇಡ. ನೀರು ಹೊರಗೆ ತಳ್ಳೋ ಅಗಲ ಗಾಡಿ ಇರೋ ಗ್ರಿಪ್, ಬಿಸಿ ತಾಳೋ ಮೈ, ಮೆದು ಉಳಿದಿರೋ ಹೊಸ ರಬ್ಬರ್ ಬೇಕು. ಇಲ್ಲಿ ಅಂಗಡಿಯಲ್ಲಿ ಸಿಗೋ ಮಾಮೂಲಿ ಕಾರ್ ಟೈರು ಇದಕ್ಕೇ ಮಾಡಿದ್ದು.

ಭಾಗ 4/9

ಫೋಟೋ: ಗೋಡೆಗೆ ಆನಿಸಿಟ್ಟ ಹಳೇ ಟೈರಿನ ಸಾಲು. ಎಷ್ಟು ಕರ್ರಗೆ ಮಿಂಚ್ತಾವ ನೋಡ್ರಿ.

ಶನಿವಾರ ಮೂರು ಊರಿನ ಐದು ಅಂಗಡಿ ತಿರುಗಿದೆ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: “ಅಣ್ಣ ಬಂದಿಲ್ಲೇನ್ ತಂಗಿ?” ಅಣ್ಣ ಇಲ್ಲ ಕಾಕಾ, ಗಾಡಿ ಓಡಸೋದು ನಾನೇ ಅಂತ ಹೇಳಿ ಹೇಳಿ ಸಾಕಾಯಿತು. ಐದನೇ ಅಂಗಡಿಗೆ ಬರೋಷ್ಟರಲ್ಲಿ ನಾನೇ ಮೊದಲು ಸೈಜು ಹೇಳ್ತಿದ್ದೆ. ಸೈಜು ಪೂರ್ತಿ ಹೇಳಿದ ಮೇಲೆ ಯಾರೂ ಅಣ್ಣನ್ನ ಕೇಳಲಿಲ್ಲ.

ಕಡಿಮೆ ರೊಕ್ಕದ ದಾರಿ ಮೂರು ಸಿಕ್ಕವು.

ಮೊದಲನೇದು, ಸೆಕೆಂಡ್ ಹ್ಯಾಂಡ್. ಒಂದಕ್ಕೆ 1,500. ಗ್ರಿಪ್ ಭರ್ತಿ ಕಾಣ್ತಿತ್ತು. ಬಗ್ಗಿ ನೋಡಿದ್ರೆ ಗಾಡಿ ನಡುವಿನ ಆ ಸಣ್ಣ ಉಬ್ಬೇ ಇಲ್ಲ! ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸದಾಗಿ ಗಾಡಿ ಕೊರೆದು, ಕರಿ ಬಣ್ಣ ಹೊಡೆದಿದ್ರು. ಹಿಂಗ ಕೊರೆದಾಗ ಒಳಗಿನ ಸ್ಟೀಲ್ ತಂತಿಯ ಮೇಲೆ ಉಳಿಯೋ ರಬ್ಬರ್ ಬಹಳ ತೆಳು. ಇನ್ನೊಂದರ ಒಳಗೆ ಕೈ ಹಾಕಿದೆ, ಪಕ್ಕೆಯಲ್ಲಿ ಪ್ಯಾಚ್. ಗ್ರಿಪ್ ಜಾಗದ ಪಂಕ್ಚರ್ ರಿಪೇರಿ ಆಗುತ್ತೆ, ಪಕ್ಕೆಯದು ಆಗಲ್ಲ. ಓಡುವಾಗ ಬಾಗಿ ಬಾಗಿ ಏಳೋ ಜಾಗ ಅದು. ಎಲ್ಲ ಹಳೇ ಟೈರೂ ಹಿಂಗೇ ಅಂತ ಅಲ್ಲ. ಆದ್ರೆ ಅದು ಯಾರ ಗಾಡಿಯಲ್ಲಿ, ಎಷ್ಟು ಹವಾದಲ್ಲಿ, ಯಾವ ತಗ್ಗಿಗೆ ಬಿದ್ದು ಬಂದಿದೆ ಅಂತ ಯಾರೂ ಹೇಳೋಕಾಗಲ್ಲ.

ಎರಡನೇದು, ರೀಟ್ರೆಡ್, ನಮ್ಮ ಕಡೆ ರಿಸೋಲ್ ಅಂತೀವಿ. ಲಾರಿ, ಸರ್ಕಾರಿ ಬಸ್ಸಿಗೆ ಇದು ದಿನನಿತ್ಯದ ಕೆಲಸ. ಅವುಗಳ ಟೈರಿನ ಮೈಯನ್ನೇ ಎರಡು ಮೂರು ಸಲ ಸೋಲ್ ಹಾಕಲಿ ಅಂತ ದಪ್ಪ ಮಾಡಿರ್ತಾರ. ಕಾರಿನ ಟೈರಿನ ಮೈ ತೆಳು. ಒಬ್ಬ ಕಾಕಾ ನೇರವಾಗಿ ಹೇಳಿದರು: “ಟ್ರೇಲರಿಗೆ ಹಾಕ್ಸು ಅಂದ್ರ ಹಾಕ್ಕೊಡ್ತೀನಿ. ಮಂದಿ ಕುಂದ್ರೂ ಕಾರಿಗೆ ಬ್ಯಾಡ ತಂಗಿ.” ಅವರ ವ್ಯಾಪಾರ ಬಿಟ್ಟುಕೊಟ್ಟು ಹೇಳಿದ ಮಾತು ಅದು. ಮರೆಯಲ್ಲ.

ಮೂರನೇದು, ‘ಹೊಸದು, ಡಿಸ್ಕೌಂಟ್’. ಒಂದಕ್ಕೆ 3,300. ಕವರ್ ಕೂಡ ಬಿಚ್ಚಿರಲಿಲ್ಲ. ಬಹಳ ಖುಷಿಯಾಯಿತು. ಆಮೇಲೆ ನಾಲ್ಕು ಅಂಕಿ ನೋಡಿದೆ: 1120. 2020ರ 11ನೇ ವಾರ. ಐದೂವರೆ ವರ್ಷದಿಂದ ಅಟ್ಟದ ಮೇಲೆ ತಗಡಿನ ಕೆಳಗೆ ಕೂತಿದ್ದ ‘ಹೊಸ’ ಟೈರ್.

ಭಾಗ 5/9

ಫೋಟೋ: ಅಪ್ಪನ ಕೈ, ಮಗ್ಗದ ಹಾಸಿನ ಮೇಲೆ.

ಮನೆಗೆ ಬಂದು ಹೇಳಿದಾಗ ಅಪ್ಪಗೆ ಮೂರನೇದೇ ಹಿಡಿಸಿತು.

“ಕವರ್ ಬಿಚ್ಚಿಲ್ಲ ಅಂತಿ, 3,300 ಅಂತಿ, ಮತ್ತೇನ ಬೇಕ? ನಿಮ್ಮ ಮಾಮಾನ ಟ್ರ್ಯಾಕ್ಟರ್ ನೋಡು. ವಿಕ್ರಾಂತ್ ಟಾಯರ್, ಹತ್ತ ವರ್ಷ ಅಲ್ಲಾಡಿಲ್ಲ.”

ವಿಕ್ರಾಂತ್ ನಮ್ಮ ಮೈಸೂರಿನ ಕಂಪನಿ. 1997ರಲ್ಲಿ ಜೆಕೆ ಟೈರ್ ಅದನ್ನ ತಗೊಂಡಿತು. ಟ್ರ್ಯಾಕ್ಟರ್ ಇರೋ ಮನೆಯವರಿಗೆ ಆ ಹೆಸರು ಇವತ್ತಿಗೂ ಗೊತ್ತು. ಅಪ್ಪ ಹೇಳಿದ್ದು ಸುಳ್ಳಲ್ಲ. ಆದ್ರೆ ಮಾಮಾನ ಟ್ರ್ಯಾಕ್ಟರ್ ಹೊಲದಾಗ ಓಡೋದು ಗಂಟೆಗೆ ಹತ್ತು ಕಿ.ಮೀ., ರಸ್ತೆ ಮೇಲೆ ಇಪ್ಪತ್ತೈದು. ಕಾರು ಓಡೋದು ಅರವತ್ತು, ಎಂಬತ್ತು. ಟೈರ್ ಪ್ರತಿ ಸುತ್ತಿಗೂ ನೆಲಕ್ಕೆ ತಾಗಿ ಬಾಗುತ್ತೆ, ಬಾಗಿದಷ್ಟೂ ಬಿಸಿಯಾಗುತ್ತೆ. ನಮ್ಮ ಸೈಜಿನ ಟೈರ್ ಒಂದು ಕಿಲೋಮೀಟರಿಗೆ ಐನೂರು ಸುತ್ತಿಗೂ ಹೆಚ್ಚು ತಿರುಗುತ್ತೆ. ಇನ್ನೊಂದು, ಸ್ಪೀಡ್ ಎರಡು ಪಟ್ಟಾದ್ರೆ ಬ್ರೇಕ್ ಒತ್ತಿ ನಿಲ್ಲೋಕೆ ಬೇಕಾದ ಜಾಗ ನಾಲ್ಕು ಪಟ್ಟಾಗುತ್ತೆ.

ಇದನ್ನೆಲ್ಲ ಅಪ್ಪಗೆ ಹೇಳಿದೆ. ಕೇಳಿಸಿಕೊಂಡರು, ಒಪ್ಪಲಿಲ್ಲ. ನಾಲ್ಕು ಪವರ್‌ಲೂಮ್ ನಡೆಸೋ ಮನುಷ್ಯ. ನೂಲಿನ ರೇಟ್ ಏರಿದೆ, ಸೀರೆ ರೇಟ್ ಏರಿಲ್ಲ. ಅವರಿಗೆ ಸಾವಿರ ರೂಪಾಯಿ ಅಂದ್ರೆ ಸಾವಿರ ರೂಪಾಯಿ. ನನ್ನ ಮೇಲೆ ಕಾಳಜಿ ಇಲ್ಲ ಅಂತ ಅಲ್ಲ. ಕಣ್ಣಿಗೆ ಹೊಸದಾಗಿ ಕಾಣೋದನ್ನ ಹಳೇದು ಅಂತ ಒಪ್ಪೋದು ಯಾರಿಗೂ ಕಷ್ಟ.

ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ರೀತಿ ಕೇಳಿದೆ. “ಅಪ್ಪಾ, ಗೋದಾಮಿನಾಗ ಐದ ವರ್ಷ ಬಿದ್ದ ನೂಲು, ಬಂಡಲ್ ಬಿಚ್ಚಿಲ್ಲ, ಅರ್ಧ ರೇಟಿಗೆ ಕೊಡ್ತೀನಿ ಅಂದ್ರ ತಗೋತಿ?”

“ಹುಚ್ಚ ಹಿಡದೈತೇನು? ಅದು ಜೀವಾ ಕಳ್ಕೊಂಡಿರ್ತೈತಿ. ಮಗ್ಗಕ್ಕ ಹಾಕಿದ್ರ ತಾಸಿಗೆ ಹತ್ತ ಸಲ ಹರೀತೈತಿ.”

“ನೋಡಾಕ ಹೊಸಾದ ಇರ್ತೈತಲ್ಲ?”

ಅಪ್ಪ ರೊಟ್ಟಿ ಮುರಿಯೋದು ನಿಲ್ಲಿಸಿ ನನ್ನನ್ನ ನೋಡಿದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅವ್ವನ ಕಡೆ ತಿರುಗಿ, “ಇಕಿಗೆ ಇನ್ನೊಂದ ಚೂರ ಪಲ್ಯ ಹಾಕು” ಅಂದರು.

ನಮ್ಮ ಮನೆಯಲ್ಲಿ ಅದನ್ನೇ ಒಪ್ಪಿಗೆ ಅಂತ ತಿಳ್ಕೋಬೇಕು.

ಭಾಗ 6/9

ಫೋಟೋ: ನೋಟ್‌ಬುಕ್ಕಿನ ಹಾಳೆ. ಕೈಬರಹಕ್ಕೆ ಕ್ಷಮೆ ಇರಲಿ.

ಈಗ ಲೆಕ್ಕ. ಕಾಮರ್ಸ್ ದೋಸ್ತರ, ತಪ್ಪಿದ್ರೆ ತಿದ್ರಿ.

ಮೊದಲು ಒಂದು ಒಳ್ಳೆ ಸುದ್ದಿ. ಕಾರಿನ ಹೊಸ ಟೈರ್ ಮೇಲಿನ ಜಿಎಸ್‌ಟಿ 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ. ತೆರಿಗೆ ಬಿಟ್ಟು 3,700 ಇರೋ ಟೈರ್ ಮೊದಲು 4,736 ಆಗ್ತಿತ್ತು, ಈಗ 4,366. ಒಂದಕ್ಕೆ 370 ರೂಪಾಯಿ ಉಳಿತು. ಅಂಗಡಿಯಲ್ಲಿ ಹಳೇ ರೇಟ್ ಹೇಳಿದ್ರೆ ಬಿಲ್ ಕೇಳ್ರಿ, ಬಿಲ್ಲಿನ ಮೇಲೆ ತೆರಿಗೆ ಎಷ್ಟು ಅಂತ ನೋಡ್ರಿ. ಗ್ಯಾರಂಟಿಗೂ ಆ ಬಿಲ್ಲೇ ಆಧಾರ.

ನಮ್ಮ ಓಡಾಟ ದಿನಕ್ಕೆ ಹೋಗಿ ಬಂದು ಸುಮಾರು 60 ಕಿ.ಮೀ. ತಿಂಗಳಿಗೆ 25 ದಿನ, ಅಂದ್ರೆ 1,500 ಕಿ.ಮೀ. ವರ್ಷಕ್ಕೆ 18,000.

ನಾಲ್ಕು ಹೊಸ ಟೈರ್: 17,464 ರೂಪಾಯಿ. ನಮ್ಮ ರಸ್ತೆಯಲ್ಲಿ 45,000 ಕಿ.ಮೀ. ಬಂದವು ಅಂತ ಇಟ್ಟುಕೊಳ್ಳೋಣ. ಕಿಲೋಮೀಟರಿಗೆ 39 ಪೈಸೆ.

ನಾಲ್ಕು ಸೆಕೆಂಡ್ ಹ್ಯಾಂಡ್: 6,000. ಉಳಿದ ಆಯುಷ್ಯ 12,000 ಕಿ.ಮೀ. ಅಂತ ಇಟ್ಟುಕೊಂಡ್ರೆ ಕಿಲೋಮೀಟರಿಗೆ 50 ಪೈಸೆ. ಎಂಟು ತಿಂಗಳಿಗೆ ಮತ್ತೆ ಅದೇ ಅಂಗಡಿ ಮುಂದೆ ನಿಂತಿರ್ತೀವಿ.

ಅಗ್ಗ ಅಂದ್ಕೊಂಡಿದ್ದೇ ತುಟ್ಟಿ!

ಈ ಲೆಕ್ಕ ಹಾಕುವಾಗ ಇನ್ನೊಂದು ಮಾತು ಹೊಳೆಯಿತು, ನನಗೆ ನಿಜಕ್ಕೂ ನಾಚಿಕೆ ಆಗಿದ್ದು ಅದಕ್ಕೆ. ದಿನಕ್ಕೆ ಮೂರು ಲೀಟರ್ ಹತ್ರ ಪೆಟ್ರೋಲ್, 300 ರೂಪಾಯಿ ಮೇಲೆ. ಅದನ್ನ ನಾವು ನಾಲ್ವರೂ ಪೈಸೆ ಪೈಸೆ ಹಂಚಿಕೊಳ್ತಿದ್ವಿ, ಫೋನ್‌ಪೇ ಮಾಡದವರಿಗೆ ಗ್ರೂಪಿನಾಗ ಕಾಲೆಳೀತಿದ್ವಿ. ಟೈರಿನ ಸವೆತ ದಿನಕ್ಕೆ 23 ರೂಪಾಯಿ, ತಲೆಗೆ ಆರು ರೂಪಾಯಿನೂ ಇಲ್ಲ. ಅದನ್ನ ಒಂದು ದಿನವೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಪೆಟ್ರೋಲ್ ಖಾಲಿ ಆದ್ರೆ ಮುಳ್ಳು ತೋರಿಸುತ್ತೆ. ಟೈರ್ ಖಾಲಿ ಆಗೋದನ್ನ ತೋರಿಸೋ ಮುಳ್ಳು ಇಲ್ಲ, ಬಗ್ಗಿ ನೋಡಬೇಕು.

ರಸ್ತೆಗೂ ನಮಗೂ ನಡುವೆ ಇರೋದು ಒಂದೊಂದು ಟೈರಿಗೆ ಅಂಗೈಯಷ್ಟು ರಬ್ಬರ್. ನಾಲ್ಕು ಅಂಗೈ ಮೇಲೆ ಹತ್ರ ಹತ್ರ ಸಾವಿರ ಕೆಜಿ ಗಾಡಿ, ಅದರ ಮೇಲೆ ನಾಲ್ಕು ಮನೆಯ ಮಕ್ಕಳು.

ಭಾಗ 7/9

ಫೋಟೋ: ಹೊಸ ಟೈರ್. ಹೌದು, ಹಿಂದಿನ ಗಾಲಿ. ತಪ್ಪಾಗಿ ಹಾಕಿಲ್ಲ.

17,464 ಒಮ್ಮೆಲೇ ನಮ್ಮ ಹತ್ರ ಇರಲಿಲ್ಲ. ಇದ್ದದ್ದು ನನ್ನ ಹತ್ರ ಆರು ಸಾವಿರ, ಅಪ್ಪ ಕೊಟ್ಟ ನಾಲ್ಕು ಸಾವಿರ. ಅದಕ್ಕೆ ಎರಡು ಈಗ, ಎರಡು ಮೇ ತಿಂಗಳಿಗೆ, ಮಳಿಗಿಂತ ಮೊದಲು ಅಂತ ತೀರ್ಮಾನ ಮಾಡಿದ್ವಿ. ಒಂದು ಕಡೆಯ ಜೋಡಿ ಎರಡೂ ಒಂದೇ ಕಂಪನಿ, ಒಂದೇ ಮಾದರಿ ಇರಬೇಕು. ಎಡಕ್ಕೊಂದು ಬಲಕ್ಕೊಂದು ಬೇರೆ ಆದ್ರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತೆ.

ಯಾವ ಕಂಪನಿ ಅಂತ ಎಲ್ಲರೂ ಡಿಎಂ ಮಾಡ್ತೀರಿ, ಗೊತ್ತು. ಅಂಗಡಿಯಲ್ಲಿ ನಮ್ಮ ಸೈಜಿಗೆ ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ತೋರಿಸಿದರು. ರೇಟಿನ ವ್ಯತ್ಯಾಸ ಕೆಲವು ನೂರು ರೂಪಾಯಿ ಅಷ್ಟೇ. ನಾನು ಹೆಸರು ನೋಡಿ ಆರಿಸಲಿಲ್ಲ. ಐಎಸ್‌ಐ ಗುರುತು ಇರೋದು, ಸೈಜು ಮತ್ತು 85ಟಿ ಸರಿ ಇರೋದು, ಹುಟ್ಟಿದ ವಾರ ಎಲ್ಲಕ್ಕಿಂತ ಹೊಸದಿರೋದು ತಗೊಂಡೆ. ನನಗೆ ಸಿಕ್ಕಿದ್ದು ಮೂರು ತಿಂಗಳ ಹಿಂದಿನದು.

ಕೆಲವು ಟೈರಿನ ಮೇಲೆ ಇನ್ನೂ ಮೂರು ಗುರುತು ಇರ್ತಾವ. ‘ಟ್ರೆಡ್‌ವೇರ್’ ಅಂಕಿ ಹೆಚ್ಚಿದ್ದಷ್ಟು ನಿಧಾನ ಸವೆಯುತ್ತೆ. ‘ಟ್ರ್ಯಾಕ್ಷನ್’ ಹಸಿ ರಸ್ತೆಯಲ್ಲಿ ನಿಲ್ಲೋ ಶಕ್ತಿ, ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ. ‘ಟೆಂಪರೇಚರ್’ ಬಿಸಿ ತಾಳೋ ಶಕ್ತಿ, ಎ ಮೇಲು. ಬಹಳ ದಿನ ಬಾಳಿಕೆ ಬರಲಿ ಅಂತ ಬರೀ ಮೊದಲ ಅಂಕಿ ನೋಡಬೇಡ್ರಿ. ಬಾಳಿಕೆ ಬರೋ ಗಟ್ಟಿ ರಬ್ಬರಿಗೆ ಹಸಿ ಹಿಡಿತ ಕಡಿಮೆ ಇರಬಹುದು. ಮೂರನ್ನೂ ಕೂಡಿಸಿ ನೋಡ್ರಿ.

ಈಗ ಹಿಂದಿನ ಗಾಲಿಯ ವಿಷಯ. ಅಂಗಡಿಯ ಹುಡುಗ ಹೊಸದನ್ನ ಮುಂದೆ ಹಾಕೋಕೆ ಹೊರಟಿದ್ದ. ಇಂಜಿನ್ ಎಳೆಯೋದು ಮುಂದಿನ ಗಾಲಿ, ಸವೆಯೋದೂ ಅದೇ, ಅದಕ್ಕೆ ಎಲ್ಲರೂ ಮುಂದೆ ಹಾಕಿಸ್ತಾರೆ. ನಾನು ಬೇಡ ಅಂದೆ. ದೊಡ್ಡ ಟೈರ್ ಕಂಪನಿಗಳೇ ಹೇಳೋ ಮಾತಿದು: ಎರಡೇ ಹೊಸದು ಇದ್ರೆ ಹಿಂದಕ್ಕೆ ಹಾಕ್ರಿ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗುತ್ತೆ. ಮುಂಭಾಗ ಜಾರಿದ್ರೆ ಬ್ರೇಕ್ ಸಡಿಲಿಸಿ ಸ್ಟೇರಿಂಗಿನಿಂದ ಹೆಂಗೋ ಸರಿ ಮಾಡಬಹುದು. ಹಿಂಭಾಗ ಜಾರಿದ್ರೆ ಗಾಡಿ ಬುಗುರಿ ಆಗುತ್ತೆ. ನಮ್ಮದು ಎಬಿಎಸ್ ಇಲ್ಲದ ಹಳೇ ಗಾಡಿ ಬೇರೆ. ನಾನು ಅದನ್ನ ಓದಿ ಕಲಿಯಲಿಲ್ಲ, ಆ ತಿರುವಿನಲ್ಲಿ ಕಲಿತೆ.

ಹುಡುಗ ನಕ್ಕ, ಆದ್ರೆ ಹಿಂದೇ ಹಾಕಿದ.

ಭಾಗ 8/9

ಫೋಟೋ: ಅಂಗೈ ಮೇಲೆ ಜಾಲಿ ಮುಳ್ಳು. ನಮ್ಮೂರಿನ ರಾಷ್ಟ್ರೀಯ ಮೊಳೆ.

ಟೈರ್ ತಂದ್ರೆ ಕೆಲಸ ಮುಗೀತು ಅಂದ್ಕೊಂಡಿದ್ದೆ. ಪಂಕ್ಚರ್ ಅಂಗಡಿಯ ಅಜ್ಜಾರು ಹೇಳಿದರು: “ಟಾಯರ್ ಭಾರ ಹೊರೂದಿಲ್ಲವಾ, ಹವಾ ಹೊರತೈತಿ.”

ಟ್ಯೂಬ್‌ಲೆಸ್ ಟೈರಿಗೆ ಜಾಲಿ ಮುಳ್ಳು ಚುಚ್ಚಿದ್ರೆ ಒಮ್ಮೆಲೇ ಠುಸ್ ಅನ್ನಲ್ಲ. ಮುಳ್ಳು ಅಲ್ಲೇ ಕೂತು, ಹವಾ ಸಣ್ಣಗೆ ಸಣ್ಣಗೆ ಹೋಗ್ತಿರುತ್ತೆ. ನಾಲ್ಕೈದು ದಿನ ಗೊತ್ತೇ ಆಗಲ್ಲ. ಹವಾ ಕಡಿಮೆ ಆದ ಟೈರ್ ಹೆಚ್ಚು ಬಾಗುತ್ತೆ, ಹೆಚ್ಚು ಬಿಸಿಯಾಗುತ್ತೆ. ಏಪ್ರಿಲ್ ಬಿಸಿಲಿನಾಗ, ಹೆದ್ದಾರಿಯಲ್ಲಿ, ಐದು ಜನ ಕೂತು, ಡಿಕ್ಕಿ ತುಂಬಿದಾಗ ಅದೇ ಟೈರ್ ಒಡೆಯೋದು. “ಬ್ಯಾಸಗ್ಯಾಗ ಹವಾ ಕಡಿಮೆ ಇಡಬೇಕು, ಇಲ್ಲಂದ್ರ ಒಡೀತಾವ” ಅನ್ನೋ ಮಾತು ನಮ್ಮ ಎಲ್ಲರ ಮನೆಯಲ್ಲೂ ಇದೆ. ಅದು ತಿರುಗಾಮುರುಗಾ. ಕಡಿಮೆ ಹವಾನೇ ಒಡೆಯೋಕೆ ದೊಡ್ಡ ಕಾರಣ. ಬಿಸಿಗೆ ಒಳಗಿನ ಒತ್ತಡ ಸ್ವಲ್ಪ ಏರುತ್ತೆ, ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ. ಆ ಏರಿಕೆಯನ್ನ ಲೆಕ್ಕಕ್ಕೆ ತಗೊಂಡೇ ಕಂಪನಿಯವರು ಅಂಕಿ ಕೊಟ್ಟಿರ್ತಾರ.

ಎಷ್ಟು ಹವಾ ಅಂತ ಅಂಗಡಿಯವರನ್ನ ಕೇಳಬೇಡ್ರಿ. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಸ್ಟಿಕರ್ ಇರುತ್ತೆ, ಇಲ್ಲಾಂದ್ರೆ ಗಾಡಿಯ ಪುಸ್ತಕದಾಗ. ಖಾಲಿ ಗಾಡಿಗೆ ಒಂದು, ಭರ್ತಿ ಗಾಡಿಗೆ ಒಂದು ಅಂಕಿ ಇದ್ರೆ ಭರ್ತಿಯದನ್ನ ನೋಡ್ರಿ, ನಾವು ದಿನಾ ಭರ್ತಿನೇ ಹೋಗ್ತೀವಿ. ಟೈರಿನ ಪಕ್ಕೆ ಮೇಲೆ ಬರೆದಿರೋದು ಗರಿಷ್ಠ ಒತ್ತಡ, ತುಂಬಿಸಬೇಕಾದ್ದಲ್ಲ. ಬೆಳಗ್ಗೆ ಗಾಡಿ ತಣ್ಣಗಿದ್ದಾಗ ನೋಡಬೇಕು. ನಾನೀಗ ಸಣ್ಣ ಗೇಜ್ ಒಂದು ತಗೊಂಡಿದ್ದೀನಿ. ಪ್ರತಿ ಸೋಮವಾರ ನೋಡ್ತೀನಿ, ಎರಡು ನಿಮಿಷದ ಕೆಲಸ.

ನೈಟ್ರೋಜನ್ ಹಾಕಸಬೇಕಾ? ಮಾಮೂಲಿ ಗಾಳಿಯಲ್ಲೇ 78% ನೈಟ್ರೋಜನ್. ಪುಕ್ಕಟೆ ಸಿಕ್ಕರೆ ಹಾಕಿಸ್ಕೊಳ್ರಿ. ರೊಕ್ಕ ಕೊಟ್ಟು ಬೇಡ, ವಾರಕ್ಕೊಮ್ಮೆ ನೋಡೋದೇ ದೊಡ್ಡದು.

ಹೊಸ ಟೈರ್ ಹಾಕಿಸಿದ ದಿನವೇ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸ್ರಿ. ತಗ್ಗಿಗೆ ಬಿದ್ದು ಬಿದ್ದು ಗಾಲಿ ಸೊಟ್ಟ ಆಗಿದ್ರೆ ಹೊಸ ಟೈರ್ ಕೂಡ ಒಂದೇ ಅಂಚು ಸವೆದು ಹೋಗುತ್ತೆ. ಹಾಕಿಸಿದ ಮೇಲೆ ಮೊದಲ ಕೆಲವು ದಿನ ಮೆಲ್ಲಕ ಹೋಗ್ರಿ, ಹೊಸ ರಬ್ಬರಿನ ಮೇಲಿನ ನುಣುಪು ಹೋಗಬೇಕು. ಸ್ಟೆಪ್ನಿ ಮರೀಬೇಡ್ರಿ. ನಮ್ಮ ಸ್ಟೆಪ್ನಿಯಲ್ಲಿ ಅರ್ಧ ಹವಾನೂ ಇರಲಿಲ್ಲ.

ಭಾಗ 9/9

ಫೋಟೋ: ಡ್ಯಾಶ್‌ಬೋರ್ಡ್ ಮೇಲೆ ಬೋರ್ನ್‌ವಿಟಾ ಡಬ್ಬಿ. ಒಳಗೆ ಬೋರ್ನ್‌ವಿಟಾ ಇಲ್ಲ.

ಇದು ನಮ್ಮ ಟೈರ್ ಡಬ್ಬಿ. ಡಿಸೆಂಬರ್ 1ರಿಂದ ಚಾಲೂ. ಗಾಡಿಗೆ ಹತ್ತಿದವರು ದಿನಕ್ಕೆ 20 ರೂಪಾಯಿ ಹಾಕಬೇಕು. ಮೂರು ಜನ, 25 ದಿನ, ಆರು ತಿಂಗಳು: 9,000. ಮೇ ಕೊನೆಗೆ ಮುಂದಿನ ಎರಡು ಟೈರ್ ಬರ್ತಾವ. ನಾಲ್ಕನೇಯವಳು ಬಂದ್ರೆ ತಲೆಗೆ 15 ಸಾಕು. ಗಾಡಿ ನಂದು, ಟೈರ್ ನನ್ನ ಮನೆಯಲ್ಲೇ ಉಳಿತಾವ, ಅದಕ್ಕೆ ಅವರ ರೊಕ್ಕ ತಗೊಳ್ಳೋದು ಸರಿನಾ ಅಂತ ನನಗೆ ಅನುಮಾನ ಇತ್ತು. ಮುಂದಿನ ಸೀಟಿನ ಕ್ಲಾಸ್‌ಮೇಟ್ ಹೇಳಿದ: “ಟಾಯರ್ ನಿನ್ನೂ ಇರಬಹುದು. ಸವಸಾವ್ರು ನಾವೆಲ್ಲಾರೂ.”

ಇದನ್ನ ಓದಿ ಯಾರೂ ಹೊಸ ಟೈರ್ ಹಾಕಿಸಿದ್ದೀನಿ ಅಂತ ಧೈರ್ಯ ಮಾಡಬೇಡ್ರಿ. ಎರಿ ಮಣ್ಣಿನ ಮೇಲೆ ಯಾವ ಟೈರೂ ದೇವರಲ್ಲ. ಗ್ರಿಪ್ಪಿನ ಗಾಡಿಯೊಳಗೆ ಆ ಮಣ್ಣು ಹೊಕ್ಕು ಕೂತ್ರೆ ಹೊಸದೂ ಬೋಳು, ಹಳೇದೂ ಬೋಳು. ಸೀಸನ್‌ನಾಗ ನಾವು ಈಗ ಹದಿನೈದು ನಿಮಿಷ ಮೊದಲು ಹೊರಡ್ತೀವಿ. ಹೊಲದ ದಾರಿ ರಸ್ತೆಗೆ ಕೂಡೋ ಕಡೆ, ತಿರುವಿನ ಮೊದಲೇ, ಸ್ಪೀಡ್ ಇಳಿಸ್ತೀನಿ. ಕತ್ತಲಾದ ಮೇಲೆ ಟ್ರೇಲರ್ ಹಿಂದೆ ಅಂಟಿಕೊಂಡು ಹೋಗಲ್ಲ. ಎಷ್ಟೋ ಟ್ರೇಲರಿಗೆ ಹಿಂದೆ ಕೆಂಪು ರೇಡಿಯಂ ಪಟ್ಟಿ ಇರಲ್ಲ. ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇದ್ರೆ ಇವತ್ತೇ ಒಂದು ಪಟ್ಟಿ ಅಂಟಿಸ್ರಿ, ಟೈರಿಗಿಂತ ಬಹಳ ಅಗ್ಗ.

ಸೇವ್ ಮಾಡ್ಕೊಳ್ರಿ:

ಕೊನೆಯ ನಾಲ್ಕು ಅಂಕಿ ನೋಡ್ರಿ. ಐದು ವರ್ಷ ದಾಟಿದ್ರೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸ್ರಿ. ಹತ್ತು ವರ್ಷದ್ದು ಗ್ರಿಪ್ ಇದ್ರೂ ಬೇಡ.
ಗ್ರಿಪ್ ಮೂರು ಮಿ.ಮೀ. ಆದ್ರೆ ಮಳಿಗಿಂತ ಮೊದಲು ಬದಲಿಸೋ ತಯಾರಿ. 1.6 ಕೊನೆ.
ಸೈಜು, ಭಾರದ ಅಂಕಿ, ಸ್ಪೀಡಿನ ಅಕ್ಷರ, ಐಎಸ್‌ಐ. ನಾಲ್ಕೂ ಸರಿ ಇದ್ರೆ ಮಾತ್ರ ರೇಟ್ ಕೇಳ್ರಿ.
ಎರಡೇ ತಗೊಂಡ್ರೆ ಹಿಂದಿನ ಗಾಲಿಗೆ.
ಸೋಮವಾರ ಬೆಳಗ್ಗೆ ಹವಾ. ಸ್ಟೆಪ್ನಿಗೂ.
ರೊಕ್ಕ ಇಲ್ಲ ಅಂದ್ರೆ ನಾಲ್ಕು ಕೆಟ್ಟದ್ದಕ್ಕಿಂತ ಎರಡು ಒಳ್ಳೇದು.

ಕೊನೆ ಮಾತು. ನಿನ್ನೆ ಸಂಜೆ ಹಿಂದಿನ ಸೀಟಿನ ಗೆಳತಿಯ ಮನೆಗೆ ಹೋಗಿದ್ದೆ. ಅವರವ್ವ ಚಹಾ ಕೊಟ್ಟರು. ನಾನು ಏನೂ ಕೇಳಲಿಲ್ಲ. ಹೊರಡುವಾಗ ಅವರೇ ಗಾಡಿ ತನಕ ಬಂದು ಹಿಂದಿನ ಗಾಲಿ ಹತ್ರ ಬಗ್ಗಿದರು.

“ಅದೇನೋ ನಾಕ್ ನಂಬರ್ ಅಂತಲ್ಲ, ಎಲ್ಲೈತಿ ತೋರಸು.”

ಅವರು ಈ ಸರಣಿ ಓದ್ತಿದ್ದಾರಂತೆ, ಮಗಳ ಫೋನಿನಾಗ. ತೋರಿಸಿದೆ. ಬೆರಳಿಟ್ಟು ಒಂದೊಂದೇ ಅಂಕಿ ಓದಿದರು. ಹಿಂದಿನದು ಆಯಿತು, ಮುಂದಿನದನ್ನೂ ನೋಡಿದರು.

“ಇವು ಇನ್ನೂ ಹಳೇವ ಅದಾವಲ್ಲ?”

“ಹೌದ್ರಿ ಚಿಗವ್ವಾ. ಮೇ ತಿಂಗಳಿಗೆ ಬದಲಸ್ತೀನಿ. ಅಲ್ಲೀತನ ಮೆಲ್ಲಕ ಹೋಗ್ತೀನಿ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆತು, ವಿಚಾರ ಮಾಡ್ತೀನಿ” ಅಂದರು.

ಅವಳು ಇವತ್ತೂ ಬಸ್ಸಿಗೇ ಬಂದಳು. ಡಬ್ಬಿಗೆ ನಾವು ಮೂವರೂ ಇಪ್ಪತ್ತಿಪ್ಪತ್ತು ಹಾಕಿದ್ವಿ.

#ಬನಹಟ್ಟಿ #ರಬಕವಿ #ಜಮಖಂಡಿ #ಮುಧೋಳ #ಬೀಳಗಿ #ಕಬ್ಬಿನಸೀಸನ್ #ಟೈರಿನಲೆಕ್ಕ